ಗಿಣಿಗೆ ಅಮ್ಮ ಹಾಕಿದ ಅಕ್ಷತೆ

ನಮ್ಮ ಮನೆಯ ಬಾಲ್ಕನಿಗೆ ಮೊದಲು ಇದ್ದದ್ದು ಕಬ್ಬಿಣದ ಗ್ರಿಲ್ ಮಾತ್ರ. ಅದು ಕಳ್ಳರಿಗೆ. ಆಮೇಲೆ ಪಾರಿವಾಳಗಳ ಕಾಟ ತಡೆಯಲಾರದೆ ನೈಲಾನ್ ಬಲೆ ಕಟ್ಟಿಸಿದೆವು. ಗಿಣಿಗಳು ಬರಲು ಶುರುವಾದ ಮೇಲೆ ಅವು ಬಲೆಯನ್ನು ಕಚ್ಚಿ ಹರಿಯುತ್ತವೆಂದು ಒಳಗಡೆಯಿಂದ ತಂತಿ ಜಾಲರಿಯನ್ನೂ ಹೊಡೆಸಿದೆ. ಈಗ ಮೂಡಲಪಾಳ್ಯದ ನಮ್ಮ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಎರಡನೇ ಮಹಡಿಯಲ್ಲಿ ಸಂಸಾರ ಇದೆಯೆಂದು ಯಾರಿಗೂ ಅನಿಸುವುದಿಲ್ಲ. ಎದುರು ಮನೆಯವರು ಒಮ್ಮೆ, "ಏನ್ ಸಾರ್, ಒಳಗೆ ಯಾರನ್ನ ಕೂಡಿ ಹಾಕಿದೀರ?" ಎಂದು ಕೇಳಿದರು. "ನಾನೇ ಇದೀನಿ ಸಾರ್" ಎಂದೆ. ಅವರು ನಕ್ಕರು. ನಾನೇನೂ ತಮಾಷೆಗೆ ಹೇಳಿರಲಿಲ್ಲ.

ನಾನು ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದವನು. ಅಮ್ಮನ ಮಂಡಿ ಮೊದಲೇ ಹೋಗಿತ್ತು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟವನ್ನೂ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದ ದಿನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಕ್ಕಪಕ್ಕದವರನ್ನು ಕರೆದು, ಹೊತ್ತು ಮೇಲೆ ತಂದೆವು. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಎಬ್ಬಿಸಿದ ಮನೆ ನಮ್ಮದು. ಮೆಟ್ಟಿಲು ಹೊರಗಡೆ, ಕಡಿದು, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುವ ಹಾಗಿಲ್ಲ. ಅಂದು ಮೇಲೆ ಬಂದವಳು ಮತ್ತೆ ಕೆಳಗಿಳಿದಿಲ್ಲ. ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾಲ್ಕನಿಯ ಬಾಗಿಲಿಗೆ, ಅಲ್ಲಿಗೆ ಅವಳ ಊರು ಮುಗಿಯಿತು.

ನನ್ನ ಹೆಂಡತಿ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಟೀಚರ್. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಲೇಬೇಕಿತ್ತು. ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿಗೆ ಕರೆದರು, ನಾನು ತಗೊಂಡೆ. ಅಮ್ಮ ಸ್ವಲ್ಪ ಓಡಾಡುವಂತಾದರೆ ಬೇರೆ ಎಲ್ಲಾದರೂ ಸೇರಿಕೊಳ್ಳೋಣ ಎಂದುಕೊಂಡಿದ್ದೆ. ಅದಾಗಿ ಎಷ್ಟೋ ಕಾಲವಾಯಿತು. ನೆಂಟರು ಬಂದಾಗಲೆಲ್ಲ "ಎಂಥಾ ಮಗನ್ನ ಪಡೆದಿದೀರ" ಎಂದು ಅಮ್ಮನಿಗೆ ಹೇಳಿ, ಕಾಫಿ ಕುಡಿದು, ಸಲೀಸಾಗಿ ಮೆಟ್ಟಿಲಿಳಿದು ಹೋಗುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಮ್ಮನಿಗೆ ಊಟ ಬಡಿಸುವುದಕ್ಕೆ ಬೇಜಾರಿಲ್ಲ. ಸ್ನಾನ ಮಾಡಿಸುವುದಕ್ಕೂ ಇಲ್ಲ. ಆದರೆ ಮಧ್ಯಾಹ್ನ ಅವಳು ಮಲಗಿದ ಮೇಲೆ ಹಾಲಿನ ನಡುವೆ ನಿಂತುಕೊಂಡು, ಈಗ ಯಾವ ಕಡೆ ತಿರುಗಲಿ ಎಂದು ತೋಚದೆ ನಿಂತಿರುತ್ತೇನಲ್ಲ, ಅದಕ್ಕೆ ಯಾರೂ ಹೆಸರಿಟ್ಟಿಲ್ಲ.

ಗಿಣಿಗಳು ಬಂದದ್ದು ಆ ಮಧ್ಯಾಹ್ನಗಳಿಗೆ. ಮೊದಲಿಗೆ ಒಂದು ಕಾಕಟೀಲ್, ಹೊರದೇಶದ ಪುಟ್ಟ ಗಿಣಿ, ಬೂದು ಮೈ, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು, ಯಾರದೋ ಮನೆಯಿಂದ ತಪ್ಪಿಸಿಕೊಂಡು ಬಂದು ನಮ್ಮ ಗ್ರಿಲ್ಲಿಗೆ ನೇತುಬಿದ್ದಿತ್ತು. ಯಾರೂ ನಮ್ಮದು ಎನ್ನಲಿಲ್ಲ. ಕೆಂಗೇರಿಯ ಆಚೆ ಹಕ್ಕಿಗಳಿಗೆ ಆಸರೆ ಕೊಡುವ ಕೇಂದ್ರವೊಂದಿದೆ ಎಂದು ಕೇಳಿ, ಶೂ ಡಬ್ಬಕ್ಕೆ ತೂತು ಕೊರೆದು ಅಲ್ಲಿಗೆ ಒಯ್ದೆ. ಕೇಂದ್ರ ನಡೆಸುವ ಮೇಡಂ ಡಬ್ಬದ ತೂತುಗಳನ್ನು ನೋಡಿದರು. ಎಲ್ಲ ಒಂದೇ ಅಳತೆ, ಒಂದೇ ಅಂತರ, ಒಳಗಡೆ ಚೂರೂ ಒರಟಿಲ್ಲ. "ಸಾರ್, ನೀವು ಮನೇಲಿ ಇರ್ತೀರಾ?" ಎಂದು ಕೇಳಿದರು. ಇರುತ್ತೇನೆ ಎಂದೆ. ಅಷ್ಟು ಸಾಕಾಯಿತು. ಅಂದಿನಿಂದ ಜನ ತಂದು ಆಸೆ ತೀರಿದ ಮೇಲೆ ಬಿಟ್ಟುಹೋದ ಸಾಕುಗಿಣಿಗಳು ಒಂದೊಂದಾಗಿ ನಮ್ಮ ಬಾಲ್ಕನಿಗೆ ಬಂದು, ಚೇತರಿಸಿಕೊಂಡು, ಹೊಸ ಮನೆಗಳಿಗೆ ಹೋದವು.

ಒಂದು ಬೂದು ಗಿಣಿ ಎದೆಯ ಗರಿಗಳನ್ನೆಲ್ಲ ತಾನೇ ಕಿತ್ತುಕೊಂಡು, ಕೋಳಿ ಅಂಗಡಿಯಲ್ಲಿ ನೇತುಹಾಕಿದ್ದರ ಹಾಗೆ ಬಂದಿತ್ತು. ದೊಡ್ಡ ಫ್ಲ್ಯಾಟಿನಲ್ಲಿ ದಿನವಿಡೀ ಒಂಟಿಯಾಗಿದ್ದ ಹಕ್ಕಿ. ಅದಕ್ಕೆ ಕಿತ್ತುಕೊಳ್ಳಲು ತೆಂಗಿನ ನಾರು ಕಟ್ಟಿದೆ, ಜೋಳದ ಸಿಪ್ಪೆ ಕೊಟ್ಟೆ, ಎದುರು ಕೂತು ಪೇಪರ್ ಓದಿದೆ. ಸೂರ್ಯಕಾಂತಿ ಬೀಜ ಬಿಟ್ಟು ಇನ್ನೇನೂ ಮುಟ್ಟದ ಅದಕ್ಕೆ ಕ್ಯಾರೆಟ್ ರುಚಿ ಹತ್ತಿಸಲು ನಾನು ಅದರ ಮುಂದೆ ಕ್ಯಾರೆಟ್ ಕಡಿದು ಕಡಿದು ತೋರಿಸಬೇಕಾಯಿತು. ಅಮ್ಮ ಮಂಚದ ಮೇಲಿಂದ ನೋಡಿ, "ನಿನ್ನ ಮದುವೆಯಾದಾಗಿಂದ ಇಷ್ಟು ತರಕಾರಿ ತಿಂದಿರ್ಲಿಲ್ಲ ನೀನು" ಎಂದಳು.

ಹಸಿರು ಗಿಣಿಯ ವಿಷಯ ಬೇರೆ. ಅದು ನಮ್ಮ ದೇಶದ್ದು, ಕಾಡಿನದು. ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ವಾಸಿಮಾಡಿ ಬಿಡಬೇಕೇ ಹೊರತು ಯಾರಿಗೂ ಸಾಕಲು ಕೊಡುವಂತಿಲ್ಲ. ಹಾಗಾಗಿ ಯುಗಾದಿಯ ಸುಮಾರಿಗೆ ಮೇಡಂ ಒಂದು ಹಸಿರು ಗಿಣಿಯನ್ನು ಅನುಮತಿ ಪತ್ರದ ಸಮೇತ ನಮ್ಮ ಮನೆಗೇ ತಂದಾಗ ನನಗೆ ಆಶ್ಚರ್ಯವಾಯಿತು. ಕೇಂದ್ರದಲ್ಲಿ ಗದ್ದಲ, ಅಲ್ಲಿ ಇದು ಊಟವನ್ನೇ ಮಾಡುತ್ತಿಲ್ಲ ಎಂದರು. ಕೊರಳಲ್ಲಿ ಕೆಂಪು ಪಟ್ಟಿಯಿದ್ದ ಗಂಡು. ಎರಡೂ ರೆಕ್ಕೆಯ ಗರಿಗಳನ್ನು ಕತ್ತರಿಸಿದ್ದರು. ಜೊತೆಗೆ ಒಂದು ಮರದ ಪೆಟ್ಟಿಗೆ, ಮುಂದೆ ಮೇಲಕ್ಕೆತ್ತುವ ಪುಟ್ಟ ಬಾಗಿಲು. ನೋಡಿದ ಕೂಡಲೇ ಗೊತ್ತಾಯಿತು. ಶಾಸ್ತ್ರ ಹೇಳುವವರ ಗಿಣಿ.

ಬಾಗಿಲೆತ್ತಿದರೆ ಹಕ್ಕಿ ಆಚೆ ಬರುತ್ತದೆ, ಸಾಲಾಗಿ ಇಟ್ಟ ಕಾರ್ಡುಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು ಮುಂದಿಡುತ್ತದೆ, ಒಂದು ಭತ್ತದ ಕಾಳು ತಿನ್ನುತ್ತದೆ, ತಾನಾಗಿಯೇ ಒಳಗೆ ಹೋಗುತ್ತದೆ. ಚಿಕ್ಕಂದಿನಲ್ಲಿ ನಾನೂ ಅದರ ಮುಂದೆ ಬಾಯಿ ಬಿಟ್ಟುಕೊಂಡು ಕೂತವನೇ. ಅಷ್ಟು ಜನರ ಮಧ್ಯೆ ಬಾಗಿಲು ತೆರೆದಿದ್ದರೂ ಅದು ಯಾಕೆ ಓಡಿಹೋಗುವುದಿಲ್ಲ ಎಂದು ಆಗ ಕೇಳಬೇಕು ಅನಿಸಿರಲಿಲ್ಲ.

"ಗರಿ ಉದುರಿ ಹೊಸದು ಬರತ್ತೆ ಸಾರ್, ಅದಕ್ಕೆ ಟೈಮ್ ಬೇಕು ಅಷ್ಟೆ" ಎಂದರು ಮೇಡಂ. "ಕಷ್ಟ ಇರೋದು ಗರೀದಲ್ಲ. ಇದು ವಾಪಸ್ ಹೋಗೋದನ್ನ ಮರೀಬೇಕು. ಮರೀಲಿಲ್ಲ ಅಂದ್ರೆ ಬಿಡೋಕಾಗಲ್ಲ. ಯಾರಾದ್ರೂ ಒಂದು ಡಬ್ಬ ತೋರಿಸಿದ್ರೆ ಒಳಗೆ ಹೋಗಿ ಕೂತ್ಕೊಳತ್ತೆ. ಆಮೇಲೆ ಬದುಕಿರೋವರ್ಗೂ ನಮ್ಮ ಹತ್ರ ಜಾಲರಿ ಒಳಗೇ."

ಅವರು ಕಟ್ಟಳೆಗಳನ್ನು ಹೇಳಿದರು. ಅದರೊಂದಿಗೆ ಮಾತು ಬೇಡ. ಕೈಯಿಂದ ಏನನ್ನೂ ತಿನ್ನಿಸಬಾರದು. ಊಟದ ಬಟ್ಟಲು ಪ್ರತಿದಿನ ಬೇರೆ ಬೇರೆ ಎತ್ತರದಲ್ಲಿ, ಬೇರೆ ಬೇರೆ ಮೂಲೆಯಲ್ಲಿ. ಪೆಟ್ಟಿಗೆಯನ್ನು ಒಮ್ಮೆಲೇ ತೆಗೆದರೆ ಹೆದರಿ ಸಾಯಬಹುದು, ಆದ್ದರಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಬಿಚ್ಚಬೇಕು.

ಬಿಚ್ಚುವ ಕೆಲಸ ನನಗೆ ಹೇಳಿ ಮಾಡಿಸಿದ್ದು. ಮೊದಲು ಬಾಗಿಲು ತೆಗೆದೆ. ಕೆಲವು ವಾರ ಬಿಟ್ಟು ಮೇಲಿನ ಹಲಗೆ. ಆಮೇಲೆ ಹಿಂದಿನ ಗೋಡೆ, ಆಮೇಲೆ ಎಡಗಡೆಯದು, ಬಲಗಡೆಯದು. ತುಕ್ಕು ಹಿಡಿದ ಮೊಳೆಗಳನ್ನು ಶಬ್ದವಾಗದಂತೆ ಎಣ್ಣೆ ಹಾಕಿ ಎಳೆದೆ. ಕೊನೆಗೆ ಉಳಿದದ್ದು ತಳದ ಹಲಗೆ ಒಂದೇ. ಗಿಣಿ ಆಚೆ ಬಂದು ಬಾಲ್ಕನಿಯಲ್ಲಿ ನಾಲ್ಕು ಹೆಜ್ಜೆ ಓಡಾಡಿ, ಹಲಗೆಗೆ ಮರಳುತ್ತಿತ್ತು. ಮರಳುವಾಗ ಸುತ್ತಿಕೊಂಡು ಬಂದು, ಹಿಂದೆ ಬಾಗಿಲಿದ್ದ ಜಾಗದಿಂದಲೇ, ತಲೆ ಸ್ವಲ್ಪ ಬಗ್ಗಿಸಿ ಒಳಗೆ ಹೋಗುತ್ತಿತ್ತು. ಗೋಡೆಗಳಿದ್ದ ಕಡೆಯಿಂದ ಒಂದು ದಿನವೂ ಕಾಲಿಡಲಿಲ್ಲ. ನೋಡಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು, ಅಂಥದ್ದು ಇಳಿಯುವುದು ನಿಧಾನ.

ಆ ಮಳೆಗಾಲದಲ್ಲಿ ನನ್ನ ಹೆಂಡತಿ ಒಂದು ಏರ್ಪಾಡು ಮಾಡಿದಳು. ತುಮಕೂರಿನಿಂದ ನನ್ನ ತಂಗಿಯನ್ನು ಕರೆಸಿ, "ಒಂದು ವಾರ ಅತ್ತೇನ ನಾವಿಬ್ರೂ ನೋಡ್ಕೋತೀವಿ. ನೀವು ಮೈಸೂರಿಗೆ ಹೋಗಿ ನಿಮ್ಮ ಫ್ರೆಂಡ್ ಮನೇಲಿದ್ದು ಬನ್ನಿ. ಇಲ್ಲೇ ಇದ್ರೆ ಗೋಡೆ ಜೊತೆ ಜಗಳ ಆಡ್ತೀರ ನೀವು" ಎಂದಳು. ಬಟ್ಟೆ ತುಂಬಿಕೊಂಡು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆ. ಕೆಂಗೇರಿಯಲ್ಲಿ ಇಳಿದು ಬಸ್ಸಿಗೆ ಕಾಯುತ್ತ ನಿಂತೆ. ಮೈಸೂರಿನ ಬಸ್ಸುಗಳು ಒಂದರ ಹಿಂದೆ ಒಂದು ಬಂದವು, ಹೋದವು. ಅಮ್ಮನ ಕಾಲಿಗೆ ಎಣ್ಣೆ ಹಚ್ಚುವಾಗ ಎಡ ಪಾದವನ್ನು ದಿಂಬಿನ ಮೇಲೆ ಎತ್ತಿಡಬೇಕೆಂದು ತಂಗಿಗೆ ಹೇಳಿರಲಿಲ್ಲ. ಗಿಣಿಯ ಬಟ್ಟಲನ್ನು ನಿನ್ನೆ ಇಟ್ಟ ಮೂಲೆಯಲ್ಲೇ ಇಂದೂ ಇಟ್ಟುಬಿಟ್ಟರೆ ಎಂದು ಹೊಳೆಯಿತು. ಫೋನು ಮಾಡಿದರೆ ಮುಗಿಯುವ ವಿಷಯಗಳು. ನಾನು ಕೇಂದ್ರಕ್ಕೆ ಹೋಗಿ, ಮೇಡಂ ಜೊತೆ ಒಂದಷ್ಟು ಹೊತ್ತು ಗೂಡು ತೊಳೆದು, ಸಂಜೆಗೆ ಮನೆಗೆ ಬಂದೆ. ಬಾಗಿಲು ತೆರೆದ ತಂಗಿ ಬ್ಯಾಗನ್ನು ನೋಡಿ, "ಮೈಸೂರು ಚಿಕ್ಕದಾಗಿದೆ ಅಲ್ವೇನೋ ಅಣ್ಣ ಈಗ?" ಎಂದಳು. ಹೆಂಡತಿ ಒಳಗೆ ಹೋಗಿ ಇನ್ನೊಂದು ಲೋಟ ಅಕ್ಕಿ ಇಟ್ಟಳು. ಅಮ್ಮ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

ಅದಾದ ಸ್ವಲ್ಪ ದಿನಕ್ಕೆ ಗಿಣಿಯ ಕಲಿಕೆ ಹಿಂದಕ್ಕೆ ಹೋಗತೊಡಗಿತು. ಹೊಸ ಗರಿಗಳು ಬಂದಿದ್ದವು, ಬಾಲ್ಕನಿಯ ಈ ಕೊನೆಯಿಂದ ಆ ಕೊನೆಗೆ ಹಾರುತ್ತಲೂ ಇತ್ತು. ಎತ್ತರದ ಕೊಂಬೆಯ ಮೇಲೆ ಮಲಗುವುದನ್ನೂ ಕಲಿತಿತ್ತು. ಈಗ ಮತ್ತೆ ಹಗಲೆಲ್ಲ ಹಲಗೆಯ ಮೇಲೆ, ಬಾಗಿಲಿದ್ದ ಜಾಗಕ್ಕೆ ಮುಖ ಮಾಡಿ ಕಾಯುತ್ತ ಕೂತಿರುತ್ತಿತ್ತು. ಏನನ್ನು ಕಾಯುತ್ತಿದೆ ಎಂದು ತಿಳಿಯದೆ ನನಗೆ ತಲೆ ಕೆಟ್ಟಿತು. ಬಟ್ಟಲು ಬದಲಿಸಿದೆ, ಕೊಂಬೆ ಬದಲಿಸಿದೆ. ಆಮೇಲೆ ಒಂದು ಬೆಳಗ್ಗೆ ಬಾಲ್ಕನಿ ಗುಡಿಸುವಾಗ ಪೊರಕೆಯ ತುದಿಗೆ ಅಕ್ಕಿಕಾಳುಗಳು ಸಿಕ್ಕವು. ಹಳದಿ ಅಕ್ಕಿ. ನಾನು ಅದಕ್ಕೆ ಅಕ್ಕಿಯನ್ನೇ ಹಾಕುವುದಿಲ್ಲ, ಹಳದಿ ಎಲ್ಲಿಂದ ಬಂತು? ಹೆಂಡತಿಯನ್ನು ಕೇಳಿದೆ. "ಬೆಳಿಗ್ಗೆ ಚಟ್ನಿ ರುಬ್ಬೋಕೆ ಪುರುಸೊತ್ತಿಲ್ಲ ನಂಗೆ, ಗಿಣಿಗೆ ಚಿತ್ರಾನ್ನ ಮಾಡ್ಲಾ?" ಎಂದು ಹೊರಟುಹೋದಳು.

ಗೌರಿ ಹಬ್ಬದ ಹಿಂದಿನ ದಿನ ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಸಾಮಾನ್ಯವಾಗಿ ಅಲ್ಲಿಗೆ ಹೋದರೆ ಹೊತ್ತಾಗುತ್ತದೆ. ಅಂದು ಹಣದ ಪರ್ಸನ್ನೇ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಬಾಗಿಲು ತೆಗೆದು ಒಳಗೆ ಬಂದರೆ ಮಂಚ ಖಾಲಿ. ಮತ್ತೆ ಬಿದ್ದಳೆಂದುಕೊಂಡು ಬಚ್ಚಲಿಗೆ ಓಡಿದೆ. ಅಲ್ಲೂ ಇಲ್ಲ.

ಬಾಲ್ಕನಿಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ವಾಕರ್, ಮಡಿಲಲ್ಲಿ ಪೂಜೆಯ ಅಕ್ಷತೆ ಬಟ್ಟಲು. ಅವಳ ಮುಂದಿನ ಸ್ಟೂಲಿನ ಮೇಲೆ ಹಳೆಯ ಲಗ್ನಪತ್ರಿಕೆಗಳನ್ನು ಸಾಲಾಗಿ ಒಂದರ ಮೇಲೊಂದು ಒರಗಿಸಿಟ್ಟಿದ್ದಳು. ಗಿಣಿ ಹಲಗೆಯಿಂದ ಇಳಿದು, ಹಾರಿ ಸ್ಟೂಲಿಗೆ ಬಂದು, ಆ ತುದಿಯಿಂದ ಈ ತುದಿಯವರೆಗೆ ಗಂಭೀರವಾಗಿ ನಡೆದು, ಒಂದು ಪತ್ರಿಕೆಯನ್ನು ಎಳೆದು ಅವಳ ಮುಂದೆ ಹಾಕಿತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಹೆಸರುಗಳನ್ನು ಓದಿದಳು. ನಿಟ್ಟುಸಿರಿಟ್ಟು, ಹಳದಿ ಅಕ್ಕಿಯ ಒಂದು ಕಾಳನ್ನು ಬೆರಳ ತುದಿಯಲ್ಲಿ ಕೊಟ್ಟಳು. ಗಿಣಿ ಅದನ್ನು ತಿಂದು ಹಲಗೆಗೆ ಹೋಗಿ, ಬಾಗಿಲಿದ್ದ ಜಾಗದಿಂದ ಒಳಗೆ ಹೊಕ್ಕು ಕೂತಿತು.

ನನ್ನನ್ನು ನೋಡಿದ ಅಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬಟ್ಟಲನ್ನು ಸೆರಗಿನೊಳಗೆ ಎಳೆದುಕೊಂಡಳು.

"ಏನಮ್ಮಾ ಇದು?"

"ಏನಿಲ್ವೋ. ಪಾಪ, ಅದಕ್ಕೆ ಬಂದಿರೋ ವಿದ್ಯೆ ಇದೊಂದೇ. ಸುಮ್ನೆ ಕೂತಿರತ್ತಲ್ಲ ಅಂತ."

"ಲಗ್ನಪತ್ರಿಕೇಲಿ ಏನ್ ಶಾಸ್ತ್ರ ಗೊತ್ತಾಗತ್ತೆ?"

ಅವಳು ಸಿಕ್ಕಿಬಿದ್ದದ್ದನ್ನು ಮರೆತು ಉತ್ಸಾಹದಿಂದಲೇ ವಿವರಿಸಿದಳು. ಒಳ್ಳೆಯ ಸಂಸಾರವಾದ ಮದುವೆಯ ಪತ್ರಿಕೆ ಬಂದರೆ ಕೇಳಿದ್ದು ಆಗುತ್ತದೆ. ಕೆಟ್ಟ ಸಂಸಾರದ್ದು ಬಂದರೆ ಆಗುವುದಿಲ್ಲ. ನಮ್ಮ ಚಿಕ್ಕಪ್ಪನ ಮಗಳದ್ದು ಬಂದರೆ ಅಂತೂ ಕೇಳಲೇಬಾರದು, ಅವಳ ಗಂಡ ಅಂಥವನು. ಸಾಲಿನಲ್ಲಿ ನನ್ನ ಮದುವೆಯ ಪತ್ರಿಕೆಯೂ ಇತ್ತು, ಅಂಚು ಹಳದಿಗಟ್ಟಿ. "ನಂದು ಯಾವ್ದರಲ್ಲಿ ಸೇರತ್ತೆ?" ಎಂದೆ. "ನಿಂದು ಇನ್ನೂ ನೋಡ್ತಾ ಇದೀನಿ" ಎಂದಳು.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಯುಗಾದಿಯಿಂದ ಮಾಡಿದ್ದನ್ನೆಲ್ಲ ನೀರಲ್ಲಿ ಹೋಮ ಮಾಡಿದೆ, ಇದು ಸಾಯುವವರೆಗೆ ಜಾಲರಿಯೊಳಗೇ ಕೊಳೆಯುವುದು, ಅದಕ್ಕೆ ನೀನೇ ಕಾರಣ, ನೀನು ಕೂತ ಹಾಗೆ ಎಲ್ಲರೂ ಕೂತಿರಬೇಕು ನಿನಗೆ ಎಂದೆ. ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಅಮ್ಮ ಪತ್ರಿಕೆಗಳನ್ನು ಒಂದೊಂದಾಗಿ ಜೋಡಿಸಿಕೊಂಡು, ವಾಕರ್ ಹಿಡಿದು, ನಾನು ಕೈಕೊಡಲು ಹೋದರೂ ಹಿಡಿಯದೆ ಮಂಚಕ್ಕೆ ಹೋದಳು.

ಹಬ್ಬದ ದಿನವೂ ಮಾತಿಲ್ಲ. ಅದರ ಮಾರನೆಯ ದಿನ ನಾನು ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಗೋಡೆಯ ಕಡೆ ನೋಡುತ್ತ ಹೇಳಿದಳು.

"ಕೆಳಗಿನ ಮನೆಯವಳು ಒಂದಿನ ಬಂದು ಗಿಣಿ ಹತ್ರ ಮಗಳ ಮದುವೆ ಕೇಳಿದ್ಲು. ಅದೊಂದು ಬಿಟ್ರೆ ಬೇರೆ ಏನೂ ಕೇಳಿಲ್ಲ ಕಣೋ. ನೀನು ಅಂಗಡಿಗೆ ಹೋದಾಗ ನಾನು ದಿನಾ ಕೇಳಿದ್ದು ಒಂದೇ."

"ಏನು?"

"ನಿಂಗೆ ಯಾವತ್ತು ಬಿಡುಗಡೆ ಅಂತ."

ನಾನು ಎಣ್ಣೆ ಉಜ್ಜುತ್ತಲೇ ಇದ್ದೆ. ನನ್ನ ಬಿಡುಗಡೆ ಎಂದರೆ ಅವಳಿಗೆ ಏನಾಗಬೇಕೋ ಅದು ಇಬ್ಬರಿಗೂ ಗೊತ್ತಿತ್ತು.

"ಕೆಂಗೇರಿವರೆಗೆ ಹೋಗಿ ವಾಪಸ್ ಬಂದ್ಯಲ್ಲ, ಅವತ್ತಿಂದ ಕೇಳ್ತಾ ಇದೀನಿ."

"ಏನು ಬಂತು?" ಎಂದೆ.

"ದಿನಾ ಒಂದೊಂದು ಬರತ್ತೆ. ಅದಕ್ಕೇನು ಗೊತ್ತು ಪಾಪ, ಅಕ್ಕಿಗೋಸ್ಕರ ಎತ್ತತ್ತೆ." ಕಿಟಕಿಯ ಕಡೆ ಕೈತೋರಿಸಿ ಹೇಳಿದಳು, "ಆ ಕಿಟಕಿಗೆ ಪರದೆ ಹಾಕ್ಬಿಡು. ನನ್ನ ಮುಖ ಕಂಡ್ರೆ ಆಚೆ ಬಂದು ನಿಂತ್ಕೊಳತ್ತೆ. ಕಾಣ್ದಿದ್ರೆ ಮರೆಯತ್ತೆ."

ಅವಳ ಕೋಣೆಗೆ ಇರುವುದು ಅದೊಂದೇ ಕಿಟಕಿ. ಅದರಿಂದ ಬಾಲ್ಕನಿ, ಬಾಲ್ಕನಿಯಾಚೆ ಹೊಂಗೆ ಮರದ ಒಂದು ಕೊಂಬೆ, ಎದುರು ಮನೆಯವರ ಬಟ್ಟೆ ಒಣಗಿಸುವ ತಂತಿ ಕಾಣುತ್ತವೆ. ಬೇಡ ಎಂದೆ. ಹಾಕು ಎಂದಳು. ನಾಲ್ಕು ದಿನ ಇಬ್ಬರೂ ಹಟ ಹಿಡಿದೆವು. ಐದನೆಯ ದಿನ ಹೆಂಡತಿಯ ಹಳೆಯ ಸೀರೆಯೊಂದನ್ನು ಮಡಿಸಿ ಕಟ್ಟಿದೆ. ದೀಪಾವಳಿಯವರೆಗೆ ಅಮ್ಮ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಸೀರೆಯ ಅಂಚಿನ ಮಾವಿನಕಾಯಿಗಳನ್ನು ನೋಡುತ್ತ ಮಲಗಿದ್ದಳು. ಒಬ್ಬರ ಬಿಡುಗಡೆಗೆ ಇನ್ನೊಬ್ಬರನ್ನು ಇಷ್ಟು ಬಿಗಿಯಾಗಿ ಮುಚ್ಚಬೇಕೇ ಎಂದು ನನಗೆ ದಿನವೂ ಅನಿಸುತ್ತಿತ್ತು. ಆದರೂ ಪರದೆ ತೆಗೆಯಲಿಲ್ಲ.

ಗಿಣಿ ಕೆಲವು ದಿನ ಹಲಗೆಯ ಮೇಲೆ ಕಾದಿತು. ಕಿಟಕಿಯ ಕಡೆ ತಲೆ ಓರೆ ಮಾಡಿ ಆಲಿಸಿತು. ಒಳಗೆ ಅಮ್ಮ ಕೆಮ್ಮು ಬಂದರೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನಿಧಾನವಾಗಿ ಅದು ಮತ್ತೆ ಕೊಂಬೆಗೆ ಏರಿತು. ಪಟಾಕಿಯ ಗಲಾಟೆ ಮುಗಿದ ಮೇಲೆ ಮೇಡಂ ಬಂದು ನೋಡಿ, ಕೇಂದ್ರದ ದೊಡ್ಡ ಜಾಲರಿಮನೆಗೆ ಬಿಡಲು ತಗೊಂಡು ಬನ್ನಿ, ಅಲ್ಲಿ ಬೇರೆ ಹಸಿರು ಗಿಣಿಗಳ ಜೊತೆ ಸ್ವಲ್ಪ ದಿನ ಇದ್ದು ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಿಡೋಣ ಎಂದರು.

ಒಯ್ಯುವ ಬೆಳಗ್ಗೆ ಸ್ಕೂಟರಿಗೆಂದು ಜರ್ಕಿನ್ ಹಾಕಿಕೊಂಡು, ಬಟ್ಟೆ ಹೊದಿಸಿದ ಡಬ್ಬ ಹಿಡಿದು ಅಮ್ಮನ ಮುಂದೆ ನಿಂತೆ. ಅವಳು ಅಕ್ಷತೆ ಬಟ್ಟಲು ಕೇಳಿದಳು. ಡಬ್ಬದ ಮೇಲೆ ನಾಲ್ಕು ಕಾಳು ಹಾಕಿದಳು, ನನ್ನ ಮೇಲೂ ಬಿದ್ದವು. "ಹೋಗ್ಬಾ" ಎನ್ನಲು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸಿದಳು. ನಮ್ಮಲ್ಲಿ ಹೊರಡುವವರಿಗೆ ಬರೀ ಹೋಗು ಎನ್ನುವುದಿಲ್ಲ, ಹಾಗೆಂದರೆ ಅಪಶಕುನ. ಬೀದಿ ತುದಿಯ ಅಂಗಡಿಗೆ ಹೋಗುವವರಿಗೂ ಹೋಗಿ ಬಾ ಎಂದೇ ಹೇಳುವುದು. ಅಮ್ಮ ಡಬ್ಬದ ಮೇಲೆ ಕೈಯಿಟ್ಟು, "ಹೋಗಪ್ಪ. ಹೋಗು" ಎಂದಳು. ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಬಿಡುವ ದಿನ ಮೇಡಂ ನನ್ನನ್ನೂ ಕರೆದರು. ಸಂಜೆಗೆ ಮುಂಚೆ, ಜ್ಞಾನಭಾರತಿಯ ಮರಗಳ ಕಡೆಯಿಂದ ಗಿಣಿಗಳ ಹಿಂಡು ಕೂಗುತ್ತ ಕೇಂದ್ರದ ಮೇಲೆ ಹಾಯುವ ಹೊತ್ತು. ಜಾಲರಿಮನೆಯ ಒಂದು ಪಕ್ಕವನ್ನು ಎತ್ತಿ ಕಟ್ಟಿ ನಾವಿಬ್ಬರೂ ದೂರ ನಿಂತೆವು. ಬೇರೆ ಗಿಣಿಗಳು ಸ್ವಲ್ಪ ಅನುಮಾನಿಸಿ, ಒಂದು ಹಾರಿದ ಮೇಲೆ ಉಳಿದವೂ ಒಟ್ಟಿಗೆ ಹಾರಿಹೋದವು. ನಮ್ಮದು ಕೊಂಬೆಯ ಮೇಲೇ ಕೂತಿತ್ತು. ಆಮೇಲೆ ನೆಲಕ್ಕಿಳಿಯಿತು. ಹಾರಬಲ್ಲ ಹಕ್ಕಿ, ನಡೆದುಕೊಂಡು ಆಚೆ ಬಂತು.

ಆಚೆ ಬಂದು ನಿಂತು ಸುತ್ತ ನೋಡಿತು. ನೆಲದ ಮೇಲೆ ಬಿದ್ದಿದ್ದ ಒಣ ಎಲೆಗಳ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆಯಿತು. ಒಂದು ಎಲೆಯನ್ನು ಎಳೆದು, ತಂದು, ನಮ್ಮ ಎದುರಿಗೆ ಇಟ್ಟು, ತಲೆಯೆತ್ತಿ ಕಾದಿತು.

ನನ್ನ ಕೈ ಜರ್ಕಿನ್ ಜೇಬಿನಲ್ಲಿತ್ತು. ಹೊಲಿಗೆಯ ಮೂಲೆಯಲ್ಲಿ ಬೆರಳಿಗೆ ಎರಡು ಕಾಳು ಸಿಕ್ಕವು. ನೋಡದೆಯೇ ಗೊತ್ತಾಯಿತು, ಅಮ್ಮನ ಅಕ್ಷತೆ. ಒಂದು ಕಾಳು ಹಾಕಿದರೆ ಅದು ತಿಂದು ನೆಮ್ಮದಿಯಾಗಿ ಒಳಗೆ ಹೋಗುತ್ತಿತ್ತು, ಇಷ್ಟು ತಿಂಗಳ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. "ಅಲ್ಲಾಡ್ಬೇಡಿ ಸಾರ್" ಎಂದರು ಮೇಡಂ ಮೆಲ್ಲಗೆ. ಕಾಳುಗಳನ್ನು ಬೆರಳ ನಡುವೆ ಹಿಸುಕಿ ಹಿಡಿದುಕೊಂಡೆ. ಗಿಣಿ ನನ್ನ ಮುಖ ನೋಡಿತು. ತಾನು ತೆಗೆದದ್ದು ಸರಿಯಿಲ್ಲವೆಂದುಕೊಂಡಿತೋ ಏನೋ, ಮತ್ತೆ ಹೋಗಿ ಇನ್ನೊಂದು ಎಲೆ ತಂದು ಮೊದಲಿನದರ ಪಕ್ಕ ಇಟ್ಟಿತು. ನನಗೆ ಅಳು ಬಂತು. ತಡೆಯಲೂ ಇಲ್ಲ.

ಕೊನೆಗೆ ಅದು ತಿರುಗಿತು. ಅಷ್ಟರಲ್ಲಿ ಮೇಡಂ ನಿಂತಲ್ಲಿಂದಲೇ ಹಗ್ಗ ಬಿಟ್ಟು ಜಾಲರಿ ಇಳಿಸಿಬಿಟ್ಟಿದ್ದರು. ಗಿಣಿ ಜಾಲರಿಯ ಉದ್ದಕ್ಕೂ ಬಾಗಿಲು ಹುಡುಕುತ್ತ ನಡೆಯಿತು, ಹೋಯಿತು, ಬಂತು, ಮತ್ತೆ ಹೋಯಿತು. ಬಾಗಿಲು ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ, ಹಲಗೆಯೂ ಇರಲಿಲ್ಲ. ನಾನು ಬೇರೆ ಕಡೆ ಮುಖ ತಿರುಗಿಸಿದೆ. ರೆಕ್ಕೆ ಬಡಿದ ಸದ್ದಿಗೆ ತಿರುಗಿದರೆ ಅದು ಪಕ್ಕದ ಹುಣಸೆ ಮರದ ಕೆಳಗಿನ ಕೊಂಬೆಯಲ್ಲಿತ್ತು. ಮೇಲೆ ಹಿಂಡು ಹಾಯ್ದುಹೋಯಿತು, ಇದು ಹೋಗಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ಇತ್ತು. ಕೆಲವು ದಿನ ಅದು ಕೇಂದ್ರದ ತಟ್ಟೆಗೆ ಬಂದು ತಿಂದು ಹೋಗುತ್ತಿದೆ ಎಂದು ಮೇಡಂ ಫೋನು ಮಾಡಿ ಹೇಳಿದರು. ಆಮೇಲೊಂದು ದಿನ, ಈಗ ಬರುತ್ತಿಲ್ಲ ಸಾರ್, ಹಿಂಡಿನ ಜೊತೆ ಹೋಗಿದೆ ಅನ್ಸತ್ತೆ ಎಂದರು.

ಅದನ್ನು ಅಮ್ಮನಿಗೆ ಹೇಳಿದೆ. ಎಲೆಗಳ ವಿಷಯವನ್ನು ಅಂದೇ ಹೇಳಿದ್ದೆ, ಕೇಳಿ ಬಹಳ ಹೊತ್ತು ಕಣ್ಣೊರೆಸಿಕೊಂಡಿದ್ದಳು. ಕಿಟಕಿಯ ಸೀರೆಯನ್ನು ಬಿಚ್ಚಿಯಾಗಿತ್ತು. ಅವಳು ಹೊಂಗೆಯ ಕೊಂಬೆಯನ್ನು ನೋಡುತ್ತಿದ್ದಳು.

"ಪೆಟ್ಟಿಗೆ ಅಲ್ಲಿ ಇರ್ಲಿಲ್ಲ ನೋಡು" ಎಂದಳು. "ಅದಕ್ಕೇ ಹೋಯ್ತು. ಇದ್ದಿದ್ರೆ ಹೋಗ್ತಿರ್ಲಿಲ್ಲ."

"ನೀನೇನ್ ಪೆಟ್ಟಿಗೆ ಅಲ್ಲಮ್ಮ" ಎಂದೆ, ಸಿಡುಕಿನಿಂದ.

"ನಾನೆಲ್ಲಿ ಹಂಗಂದೆ?" ಎಂದಳು.

ತಳದ ಹಲಗೆಯನ್ನು ಎಸೆಯಲು ಮನಸ್ಸಾಗದೆ ಉಜ್ಜಿ ತೊಳೆದು, ಕೆಳಗೆ ಎರಡು ಮರದ ರಿಪೀಸು ಪಟ್ಟಿ ಹೊಡೆದು ಅಮ್ಮನ ಕಾಲಿಗೆ ಮಣೆ ಮಾಡಿದ್ದೆ. ಮಂಚದಿಂದ ಕಾಲು ಇಳಿಬಿಟ್ಟರೆ ಸರಿಯಾಗಿ ಎಟುಕುತ್ತದೆ. ಮಾರನೆಯ ಬೆಳಗ್ಗೆ ಅವಳು ಅದರ ಮೇಲೆ ಪಾದಗಳನ್ನಿಟ್ಟು ಕೂತಿದ್ದಳು. ಹೆಂಡತಿ ಸ್ಕೂಲಿಗೆ ಹೋಗಿಯಾಗಿತ್ತು. ಸಾರಿಗೆ ಕೊತ್ತಂಬರಿ ಇರಲಿಲ್ಲ. ಚೀಲ ತಗೊಂಡು, "ಬರ್ತೀನಮ್ಮ" ಎಂದೆ.

ಅಮ್ಮ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. "ಹೋಗಪ್ಪ" ಎಂದಳು. "ಹೋಗು."

ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಎರಡು ಮೆಟ್ಟಿಲು ಇಳಿದವನಿಗೆ ಮುಂದೆ ಕಾಲು ಬರಲಿಲ್ಲ. ನನಗೆ ಭಯವಾಯಿತು. ಇಷ್ಟು ವರ್ಷ ಈ ಮನೆಯಿಂದ ಹೊರಬೀಳಬೇಕೆಂದು ಒದ್ದಾಡಿದವನಿಗೆ, ವಾಪಸು ಬಾ ಎನ್ನುವವರೇ ಇಲ್ಲವಾದರೆ ಹೇಗಿರುತ್ತದೆಂದು ಅಲ್ಲಿ ನಿಂತಾಗ ಗೊತ್ತಾಯಿತು. ಚಪ್ಪಲಿ ಕಾಲಲ್ಲೇ ಒಳಗೆ ಬಂದೆ.

"ಸರಿಯಾಗಿ ಹೇಳಮ್ಮ" ಎಂದೆ.

ಅವಳು ಅರ್ಥವಾಗದವಳಂತೆ ನನ್ನ ಕಾಲಿನ ಚಪ್ಪಲಿ ನೋಡಿದಳು. ನಾನು ಬಾಗಿಲಲ್ಲೇ, ಖಾಲಿ ಚೀಲ ಹಿಡಿದು, ಕಾಯುತ್ತ ನಿಂತಿದ್ದೆ.

"ಹೋಗ್ಬಾರೋ" ಎಂದಳು ಕೊನೆಗೆ. "ಬರ್ತಾ ಎರಡು ನಿಂಬೆಹಣ್ಣೂ ತಗೊಂಡು ಬಾ."

ಕೆಳಗಿಳಿದು ಹೋಗಿ, ಕೊತ್ತಂಬರಿ, ನಿಂಬೆಹಣ್ಣು ತಂದೆ.